ಶಸ್ತ್ರ ಮೈಯೊಳಗಿರುವ ತನಕ

ಕರಡಿ ನಾಗಪ್ಪನು ನಕ್ಕರೆ ಅವನ ಬಾಯಲ್ಲಿ ಬಾಗಿಲೊಂದು ತೆರೆದಂತಾಗುತ್ತಿತ್ತು. ಮೇಲುದವಡೆಯ ಮುಂದಿನ ಹಲ್ಲುಗಳಿರಬೇಕಾದ ಕಡೆ ಬರಿಯ ಕತ್ತಲೆ. ಮೇಲ್ದುಟಿಯ ಅಂಚಿನಿಂದ ಮೂಗಿನ ಬುಡದವರೆಗೆ ಓರೆಯಾಗಿ ಹರಿದು ಕೂಡಿಕೊಂಡ ಬಿಳಿಯ ಗೆರೆ. ಹೊಸಬರು ಆ ಮುಖವನ್ನು ಕಂಡೊಡನೆ ದೃಷ್ಟಿಯನ್ನು ಬೇರೆ ಕಡೆಗೆ ಹೊರಳಿಸುತ್ತಿದ್ದರು. ಅವನು ಮಾತ್ರ ಅವರನ್ನು ಹಾಗೆ ಸುಲಭವಾಗಿ ಬಿಡುತ್ತಿರಲಿಲ್ಲ. ಬೆರಳಿನಿಂದ ತುಟಿಯನ್ನು ಮೇಲೆತ್ತಿ ತೋರಿಸಿ, "ಇದು ಸನಾದಿ ಹೊರಬಿದ್ದ ಬಾಗಲಾ ನೋಡ್ರಿ. ಅದು ಹೋದ ಮ್ಯಾಲೆ ಕರಡಿ ಒಳಗ ಬಂತು," ಎನ್ನುತ್ತಿದ್ದನು. ಹೇಳುವಾಗ ಸಕಾರಗಳೆಲ್ಲ ಆ ಬಯಲಿನಿಂದ ಸಿಳ್ಳೆಯಾಗಿ ಹೊರಡುತ್ತಿದ್ದವು.

ಕರಡಿಯೆಂಬುದು ನಮ್ಮ ಕಡೆಯ ದೊಡ್ಡ ಮರದ ವಾದ್ಯ. ಕೊರಳಿಗೆ ಹಾಕಿಕೊಂಡು ಹೊಟ್ಟೆಯ ಮೇಲೆ ಅಡ್ಡಲಾಗಿ ತೂಗಬಿಟ್ಟು ನುಡಿಸುತ್ತಾರೆ. ಒಂದು ಮುಖಕ್ಕೆ ಕೋಲು, ಇನ್ನೊಂದು ಮುಖಕ್ಕೆ ಬರಿಗೈ. ಕೋಲು ತೊಗಲಿನ ಮೇಲೆ ಜಾರುವಾಗ ಕಾಡಿನ ಪ್ರಾಣಿಯೊಂದು ಗುರುಗುಟ್ಟಿದಂಥ ನಾದವು ಹೊರಡುತ್ತದೆ. ಮದುವೆಯ ಮೆರವಣಿಗೆಯಲ್ಲಿ ಅದನ್ನು ಕೇಳಿದವರು ಮಂಗಳವಾದ್ಯವೆಂದು ತಿಳಿಯುವುದುಂಟು. ವೀರಭದ್ರದೇವರ ಸೇವೆಯಲ್ಲಿ ಕೇಳಿದವರಿಗೆ ಗೊತ್ತು, ಅದು ದಕ್ಷಬ್ರಹ್ಮನ ಯಜ್ಞಶಾಲೆಯ ಕಂಬಗಳು ಮುರಿಯುವ ಸದ್ದು. ನಾನು ಕಾಶಿಯ ಪಾಠಶಾಲೆಯಲ್ಲಿ ಓದಿ ಬಂದವನು; ಪರಶಿವನ ಜಟೆಯಿಂದ ವೀರಭದ್ರನು ಉದ್ಭವಿಸಿದ ಪ್ರಸಂಗವನ್ನು ಎಷ್ಟೋ ವರ್ಷ ಧಾರವಾಡದ ಮಠದಲ್ಲಿ ಪ್ರವಚನ ಮಾಡಿದವನು. ಆದರೆ ರೌದ್ರವೂ ಒಂದು ವಿಧದ ಪೂಜೆಯೆಂಬುದು ನನಗೆ ಮನವರಿಕೆಯಾದದ್ದು ಹತ್ತಿರದ ಮುಗದವೆಂಬ ಹಳ್ಳಿಯ ಈ ವಾದ್ಯಗಾರನ ಮುಂಗೈಯನ್ನು ನೋಡಿದ ಮೇಲೆ.

ನಾಗಪ್ಪನದು ಮುಗದದ ವಾದ್ಯದ ಮನೆತನ. ತಂದೆ, ಅಜ್ಜ ಎಲ್ಲರೂ ಶಹನಾಯಿಯಂಥ ಸನಾದಿ ನುಡಿಸಿದವರೇ. ಇವನೂ ಮೀಸೆ ಮೂಡುವ ಮೊದಲೇ ಉಸಿರು ಕಡಿಯದೆ ಊದುವುದನ್ನು ಕಲಿತು, ಇಪ್ಪತ್ತರ ದಶಕದ ಆರಂಭದ ಹೊತ್ತಿಗೆ ಹುಬ್ಬಳ್ಳಿಯ ಪೇಟೆಯ ಮದುವೆಗಳಿಗೂ ಕುಸ್ತಿಯ ಕಣಗಳಿಗೂ ಕರೆ ಬರುವಷ್ಟು ಹೆಸರು ಮಾಡಿದ್ದನು. ಅವನ ಸನಾದಿಯನ್ನು ನಾನು ಕೇಳಲಿಲ್ಲ. ನಾನು ಕಾಶಿಯಿಂದ ಹಿಂದಿರುಗುವಷ್ಟರಲ್ಲಿ ಅದು ಮುರಿದುಹೋಗಿತ್ತು. ಮುರಿದ ಬಗೆಯನ್ನು ನನ್ನ ಅಣ್ಣ ಚನ್ನವೀರಯ್ಯನು ಕಣ್ಣಾರೆ ಕಂಡು ಬಂದು ಹೇಳಿದ್ದಾನೆ.

ಹುಬ್ಬಳ್ಳಿಯಲ್ಲಿ ಒಂದು ದೊಡ್ಡ ಕುಸ್ತಿ. ಒಬ್ಬ ದೇಸಾಯರು ಸಾಕಿದ ಪೈಲವಾನನಿಗೂ ಅರಳೆಯ ಅಂಗಡಿಯ ಹಮಾಲನೊಬ್ಬನಿಗೂ ಜೋಡಿ. ಕುಸ್ತಿಯ ಕಣದ ರೂಢಿ ಏನೆಂದರೆ, ಒಬ್ಬನ ಬೆನ್ನು ಪೂರ್ತಿಯಾಗಿ ಮಣ್ಣಿಗೆ ಹತ್ತಿ ಅವನು ಚಿತ್ ಆದನೆಂದರೆ ಆ ಕ್ಷಣದಲ್ಲಿ ಸನಾದಿಯು ಗೆಲವಿನ ನುಡಿಯನ್ನು ಎತ್ತಬೇಕು. ಜನರು ಪಂಚರ ಕೈಯನ್ನು ನೋಡುವುದಕ್ಕಿಂತ ಮೊದಲು ವಾದ್ಯವನ್ನು ಕೇಳಿ ಕೂಗುತ್ತಾರೆ. ಅಂದು ದೇಸಾಯರ ಪೈಲವಾನನು ಹಮಾಲನನ್ನು ಕೆಡವಿ ಮೇಲೆ ಕುಳಿತನು. ಕೊರಳಿಗೆ ಮೊಣಕೈ ಕೊಟ್ಟು ಒತ್ತಿದನು. ಹಮಾಲನ ಕಣ್ಣುಗುಡ್ಡೆಗಳು ಹೊರಬಂದವು, ಬಾಯಲ್ಲಿ ನೊರೆ ಬಂತು. ಆದರೆ ಒಂದು ಭುಜವು ನೆಲಕ್ಕೆ ಹತ್ತಲೊಲ್ಲದು. ದೇಸಾಯರ ಕಡೆಯವರು, "ಊದಲೇ, ಊದು," ಎಂದು ನಾಗಪ್ಪನಿಗೆ ಕೂಗಿದರು. ಅವನು ಸನಾದಿಯನ್ನು ಬಾಯಲ್ಲಿಟ್ಟುಕೊಂಡೇ ತಲೆಯಲ್ಲಾಡಿಸಿದನು. ಭುಜವನ್ನು ಕಣ್ಣಿನಿಂದಲೇ ತೋರಿಸಿದನು. ಮತ್ತೆ ಕೂಗಿದರು. ಅವನು ಹೋರಾಟದ ನುಡಿಯನ್ನೇ ಊದುತ್ತ ಉಳಿದನು. ಅವರಲ್ಲೊಬ್ಬನು ಹಿಂದಿನಿಂದ ಬಂದು ಕೈಯಲ್ಲಿದ್ದ ಲಾಠಿಯನ್ನು ಸನಾದಿಯ ಹಿತ್ತಾಳೆಯ ಬಾಯಿಯ ಮೇಲೆ ಬೀಸಿ ಹೊಡೆದನು. ವಾದ್ಯವು ತುಟಿಗಳ ನಡುವೆಯೇ ಇತ್ತು. ಅಣ್ಣನು ಹೇಳುತ್ತಿದ್ದನು, ಹಲ್ಲುಗಳು ಮುರಿದ ಸದ್ದು ಅಷ್ಟು ಗದ್ದಲದಲ್ಲಿಯೂ ಒಣಗಿದ ಕಡಲೆ ಜಗಿದಂತೆ ಕೇಳಿಸಿತಂತೆ. ಸನಾದಿಯ ಮೂತಿಯು ಅಂಗುಳನ್ನು ಸೀಳಿತು. ಅವನು ನೆತ್ತರನ್ನೂ ಹಲ್ಲಿನ ಚೂರುಗಳನ್ನೂ ಉಗುಳಿ, ಮಾತನಾಡಲಾಗದೆ, ಬೆರಳೆತ್ತಿ ಕಣದ ಕಡೆಗೆ ತೋರಿಸಿದನಂತೆ. ಭುಜವು ಇನ್ನೂ ಮೇಲೆಯೇ ಇತ್ತು.

ಆ ಕುಸ್ತಿಯಲ್ಲಿ ಕೊನೆಗೆ ಗೆದ್ದವರಾರೆಂದು ನಾನು ಕೇಳಿದಾಗಲೆಲ್ಲ ನಾಗಪ್ಪನಿಗೆ ಬೇಸರವಾಗುತ್ತಿತ್ತು. "ಅದನ್ನ ಕಣದವರನ್ನ ಕೇಳ್ರಿ, ಅಯ್ಯಾರ. ನಾ ವಾದ್ಯದಾಂವ. ಚಿತ್ ಆದ್ರ ಊದಾಂವ, ಆಗಲಿಲ್ಲಂದ್ರ ಊದಾಂವಲ್ಲ," ಎನ್ನುತ್ತಿದ್ದನು.

ಹಲ್ಲು ಹೋದ ಬಾಯಿ ಗಾಳಿಯನ್ನು ಹಿಡಿಯದು. ಬಾಯಿ ಮಾಯುವ ತನಕ ಗಂಜಿ ಕುಡಿದುಕೊಂಡು ಮೂಲೆಯಲ್ಲಿ ಕುಳಿತವನು ಒಂದು ದಿನ ಎದ್ದು, ಸೋದರಮಾವನ ಮನೆಯ ಗೋಡೆಯ ಗೂಟಕ್ಕೆ ತೂಗುಬಿದ್ದಿದ್ದ ಕರಡಿಯನ್ನು ಇಳಿಸಿಕೊಂಡನು. ಸನಾದಿಯಲ್ಲಿ ಊದಲಾಗದೆ ಉಳಿದದ್ದೆಲ್ಲವನ್ನೂ ತೊಗಲಿನ ಮೇಲೆ ಹೊಡೆದು ಹೊರಹಾಕುವ ಹಟದಿಂದ ಕಲಿತನು. ಹುಬ್ಬಳ್ಳಿಯ ಒಂದು ನಾಟಕದ ಕಂಪನಿಯವರು ಅವನ ಕೈಯ ಬಿರುಸನ್ನು ಕೇಳಿ, ಯುದ್ಧದ ಸೀನುಗಳಿಗೆ ಬೇಕೆಂದು ಕರೆದುಕೊಂಡು ಹೋದರು. ಅವನ ಜೀವನದ ಆ ಕೆಲವು ವರ್ಷಗಳನ್ನು ನೆನೆದರೆ ನನಗೆ ಈಗಲೂ ನಗೆ ಬರುತ್ತದೆ. ಪರದೆಯ ಪಕ್ಕದಲ್ಲಿ ನಿಂತು ಅವನು ಕರಡಿ ನುಡಿಸುವುದು, ರಂಗದ ಮೇಲೆ ಭೀಮ ಕೀಚಕರು ಮರದ ಗದೆಗಳಿಂದ ಹೊಡೆದಾಡುವುದು. ಮೊದಮೊದಲು ಎಲ್ಲವೂ ಸರಿಯಾಗಿತ್ತು. ಕ್ರಮೇಣ ಪಾತ್ರಧಾರಿಗಳಿಗೆ ವಾದ್ಯದ ಆವೇಶವು ತಗಲಿತು. ಒಂದು ಆಟದಲ್ಲಿ ಭೀಮನು ಕೀಚಕನ ಮೂಗಿನ ಎಲುಬನ್ನು ನಿಜವಾಗಿ ಮುರಿದುಬಿಟ್ಟನು; ಕೀಚಕನು ಸಾಯಬೇಕಾದ ಹೊತ್ತಿಗೆ ಎದ್ದು ಭೀಮನ ಕಿವಿಯನ್ನು ಕಚ್ಚಿದನು. ಜನರು ಅದನ್ನು ಅಭಿನಯವೆಂದೇ ಬಗೆದು ಮತ್ತೊಮ್ಮೆ ಮಾಡೆಂದು ಕೂಗಿದರಂತೆ. ಕಂಪನಿಯ ಮಾಲಕರು ವಿಚಾರಣೆ ನಡೆಸಿದಾಗ ಭೀಮನ ಪಾತ್ರದವನು ಕಿವಿಗೆ ಪಟ್ಟಿ ಕಟ್ಟಿಕೊಂಡು ಕೈಮುಗಿದು ಹೇಳಿದನು: "ಮಾಲಕ್ರ, ನನ್ನ ತಪ್ಪಿಲ್ರಿ. ಈತನ ಕರಡಿ ಕೇಳಿದ್ರ ಇದು ನಾಟಕ ಅನ್ನೂದ ಮರತು ಹೋಗತೈತಿ." ಮಾಲಕರು ನಾಗಪ್ಪನನ್ನು ಕರೆದು ಸ್ವಲ್ಪ ಮೆತ್ತಗೆ ನುಡಿಸೆಂದರು. ಅವನು, "ಮೆತ್ತಗ ಬಾರಸಾಕ ಹಲ್ಲಿದ್ದಾಗ ಸನಾದಿ ಇತ್ರಿ," ಎಂದು ಹೇಳಿ, ಕರಡಿಯನ್ನು ಹೆಗಲಿಗೇರಿಸಿಕೊಂಡು ಮುಗದದ ದಾರಿ ಹಿಡಿದನು.

ಅವನನ್ನು ನಮ್ಮ ಮನೆಯ ಸೇವೆಗೆ ತಂದವನು ಅಣ್ಣ. ನಮ್ಮದು ಧಾರವಾಡದ ಹಳೆಯ ಪೇಟೆಯಲ್ಲಿ ತಲೆತಲಾಂತರದಿಂದ ಪುರವಂತಿಕೆಯನ್ನು ನಡೆಸಿಕೊಂಡು ಬಂದ ಜಂಗಮರ ಮನೆ. ಪುರವಂತನೆಂದರೆ ವೀರಭದ್ರನ ವೇಷವನ್ನು ಧರಿಸಿ, ಎದೆಗೆ ದೇವರ ಹಲಗೆಯನ್ನು ಕಟ್ಟಿಕೊಂಡು, ಕೈಯಲ್ಲಿ ಕತ್ತಿ ಹಿಡಿದು, ದೇವರ ಮಹಿಮೆಯ ಒಡಪುಗಳನ್ನು ಹೇಳುತ್ತ ಕುಣಿಯುವವನು. ಕೊನೆಯಲ್ಲಿ ಅವನು ಶಸ್ತ್ರವನ್ನು ಹಾಕಿಕೊಳ್ಳುತ್ತಾನೆ. ಮೊಳದುದ್ದದ ಕಬ್ಬಿಣದ ಸೂಜಿಯನ್ನು ಒಂದು ಗಲ್ಲದಿಂದ ಚುಚ್ಚಿ ಇನ್ನೊಂದು ಗಲ್ಲದಿಂದ ಹೊರತೆಗೆಯುವುದು. ಅದನ್ನು ಹಾಗೆಯೇ ಧರಿಸಿಕೊಂಡು ಗುಡಿಯವರೆಗೆ ನಡೆಯುವುದು. ನೋಡಲಾರದವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಹರಕೆ ಹೊತ್ತವರು ಆ ಸೂಜಿಯ ತುದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ತಂದೆಯವರ ತರುವಾಯ ಶ್ರಾವಣದ ಈ ಸೇವೆಯು ಅಣ್ಣನಿಗೆ ಬಂದಿತ್ತು. ಗುಡಿಯ ಬಾಗಿಲಿನಲ್ಲಿ ಮಂತ್ರವನ್ನು ಹೇಳುತ್ತ ಶಸ್ತ್ರವನ್ನು ಹೊರಗೆಳೆದು, ಗಾಯಕ್ಕೆ ವಿಭೂತಿಯನ್ನು ಒತ್ತಿ, "ಬಂತು" ಎಂದು ಹೇಳುವ ಕೆಲಸ ನನ್ನದಾಗಿತ್ತು.

ಆ "ಬಂತು" ಎಂಬ ಮಾತು ವಾದ್ಯಗಾರನಿಗಾಗಿ. ಶಸ್ತ್ರವು ಮಾಂಸವನ್ನು ಹೊಕ್ಕ ಕ್ಷಣದಿಂದ ಅದು ಹೊರಬಿದ್ದು ವಿಭೂತಿ ಹತ್ತುವ ತನಕ ಕರಡಿಯು ನಿಲ್ಲಕೂಡದು. ಇದು ನಮ್ಮಲ್ಲಿ ಎಲ್ಲ ವಿಧಿಗಳಿಗಿಂತ ದೊಡ್ಡ ವಿಧಿ. ವಾದ್ಯವು ನುಡಿಯುತ್ತಿರುವಷ್ಟು ಹೊತ್ತು ಆ ಕಬ್ಬಿಣವು ದೇವರದು. ನಿಂತಿತೋ, ಅದು ಬರಿಯ ಕಬ್ಬಿಣ, ಮೈಯು ಬರಿಯ ಮೈ, ನೋವು ಬರಿಯ ನೋವು. ಹಿಂದೊಮ್ಮೆ ಬೇರೆ ಊರಿನಲ್ಲಿ ವಾದ್ಯಗಾರನ ಪಟ್ಟಿ ಹರಿದು ಕರಡಿ ಕೆಳಗೆ ಬಿದ್ದಾಗ, ಶಸ್ತ್ರ ಧರಿಸಿದ್ದ ಪುರವಂತನು ಹುಚ್ಚೆದ್ದು ತಾನೇ ಸೂಜಿಯನ್ನು ಕಿತ್ತುಕೊಳ್ಳಲು ಹೋಗಿ ಗಲ್ಲವನ್ನು ಕಿವಿಯ ತನಕ ಸೀಳಿಕೊಂಡು ಸತ್ತನೆಂದು ತಂದೆಯವರು ಹೇಳುತ್ತಿದ್ದರು. ಅಣ್ಣನು ನಾಗಪ್ಪನನ್ನು ಕರೆಯಿಸಿ ಈ ಕಥೆಯನ್ನು ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು: "ಹೊರಗ ಬಂತು ಅಂತ ನನಗ ಹೇಳಾವ್ರು ಯಾರ್ರಿ?" ಅಣ್ಣನು ನನ್ನನ್ನು ತೋರಿಸಿದನು. ನಾಗಪ್ಪನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಮರೀಬ್ಯಾಡ್ರಿ ಮತ್ತ, ಅಯ್ಯಾರ. ನೀವು ಹೇಳೂ ಮಟಾ ನಾ ಬಿಡಾಂವಲ್ಲ," ಎಂದನು.

ಆಗ ಅವನಿಗೆ ನಮ್ಮ ಮನೆಯಲ್ಲಿ ಊಟವನ್ನು ಹೊರಗಟ್ಟೆಯ ಮೇಲೆ ಬಡಿಸುತ್ತಿದ್ದರು. ವಾದ್ಯದವರಿಗೆ ಅಂದಿನ ರೂಢಿ ಹಾಗಿತ್ತು. ಅವನೂ ಅದರಾಚೆಗೆ ಹೆಜ್ಜೆಯಿಟ್ಟವನಲ್ಲ.

ಕಾಯ್ದೆಭಂಗದ ಚಳವಳಿಯು ನಮ್ಮ ಊರನ್ನು ಹೊಕ್ಕ ವರ್ಷದ ಶ್ರಾವಣವದು. ಮಧ್ಯಾಹ್ನ ಮಠದಿಂದ ಹೊರಟ ನಮ್ಮ ಮೆರವಣಿಗೆಯು ಪೇಟೆಯ ನಡುವೆ ಬರುವಷ್ಟರಲ್ಲಿ, ಅಡ್ಡಬೀದಿಯಿಂದ ಧ್ವಜ ಹಿಡಿದ ತರುಣರ ಗುಂಪೊಂದು ಘೋಷ ಮಾಡುತ್ತ ಬಂದು ನಮ್ಮೊಡನೆ ಬೆರೆತುಹೋಯಿತು. ಅವರು ದೇವರಿಗೂ ಜಯಕಾರ ಹಾಕಿದರು, ದೇಶಕ್ಕೂ ಹಾಕಿದರು. ನಮ್ಮವರೂ ಅದೇ ಉಸಿರಿನಲ್ಲಿ ಎರಡಕ್ಕೂ ದನಿಗೂಡಿಸಿದರು. ಅಣ್ಣನು ಅಷ್ಟರಲ್ಲಿ ಶಸ್ತ್ರವನ್ನು ಹಾಕಿಕೊಂಡಿದ್ದನು. ಎರಡೂ ಗಲ್ಲಗಳಿಂದ ಸೂಜಿಯು ಹೊರಚಾಚಿತ್ತು. ಗುಡಿಯು ಇನ್ನೂ ದೂರವಿತ್ತು. ಬೀದಿಯ ತುದಿಯಲ್ಲಿ ಪೊಲೀಸರು ಅಡ್ಡಗಟ್ಟಿ ನಿಂತು, ವಾದ್ಯ ನಿಲ್ಲಿಸಿ ಚದುರಿಹೋಗಿರೆಂದು ಹುಕುಂ ಕೂಗಿದರು.

ಜಾಗಟೆ ನಿಂತಿತು. ತಾಳ ನಿಂತಿತು. ಸಂಬಾಳದವನು ಕೈಯೆತ್ತಿ ಹಿಂದೆ ಸರಿದನು. ಕರಡಿ ನಿಲ್ಲಲಿಲ್ಲ.

ಮತ್ತೊಮ್ಮೆ ಹುಕುಂ ಆಯಿತು. ಆಮೇಲೆ ಲಾಠಿಗಳು ಬಿದ್ದವು. ನನ್ನ ಪಕ್ಕದಲ್ಲಿದ್ದ ಮುದುಕನೊಬ್ಬನ ತಲೆ ಒಡೆದು ನೆತ್ತರು ನನ್ನ ಶಲ್ಯದ ಮೇಲೆ ಸಿಡಿಯಿತು. ಧ್ವಜ ಹಿಡಿದ ಹುಡುಗನನ್ನು ಕೆಳಗೆ ಕೆಡವಿ ತುಳಿದರು. ಓಡುವವರ ಕಾಲಿಗೆ ಬಿದ್ದವರು ಸಿಕ್ಕಿ, ಬಿದ್ದವರ ಮೇಲೆ ಮತ್ತೊಬ್ಬರು ಬಿದ್ದು, ಬೀದಿಯೆಲ್ಲ ಒಂದು ಕಣವಾಯಿತು. ಅಣ್ಣನ ಗಲ್ಲದಿಂದ ಹೊರಬಂದಿದ್ದ ಸೂಜಿಯ ತುದಿಗೆ ಯಾರದೋ ಭುಜವು ತಗಲಿ ಅವನ ತಲೆಯೇ ತಿರುಗಿಹೋಯಿತು; ಗಂಟಲಿನಿಂದ ಒಂದು ಗೊರಗೊರ ಸದ್ದು ಬಂತು. ಇನ್ನೊಮ್ಮೆ ಹಾಗೆ ತಗಲಿದರೆ ಗಲ್ಲ ಹರಿದುಹೋಗುವುದೆಂದು ನನಗೆ ತಿಳಿಯಿತು. ಅವನನ್ನು ಅರಳೆಯ ಮಳಿಗೆಯೊಂದರ ಗೋಡೆಗೆ ಒರಗಿಸಿದೆನು. ಶಸ್ತ್ರವನ್ನು ಅಲ್ಲಿಯೇ ತೆಗೆಯದೆ ಬೇರೆ ಗತಿಯಿರಲಿಲ್ಲ.

ಆಗ ನಾಗಪ್ಪನು ನಮ್ಮ ಎದುರಿಗೆ ಬಂದು ನಿಂತನು. ಗದ್ದಲಕ್ಕೆ ಬೆನ್ನು ಮಾಡಿ, ಅಣ್ಣನಿಗೆ ಮುಖ ಮಾಡಿ, ಕರಡಿಯನ್ನು ಅವನ ಎದೆಗೆ ತಗಲುವಷ್ಟು ಹತ್ತಿರ ತಂದು ನುಡಿಸತೊಡಗಿದನು. ಬೀಳಬೇಕಾದ ಏಟುಗಳೆಲ್ಲ ಅವನ ಬೆನ್ನಿನ ಮೇಲೆ ಬಿದ್ದವು. ಒಂದೊಂದು ಏಟಿಗೂ ಅವನ ಮೈಯು ಮುಂದಕ್ಕೆ ಬಾಗುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ಕೋಲು ಮಾತ್ರ ತಾಳ ತಪ್ಪಲಿಲ್ಲ. ನಾನು ಮಂತ್ರವನ್ನು ಆರಂಭಿಸಿ ಸೂಜಿಗೆ ಕೈ ಹಾಕಿದೆನು. ಅದನ್ನು ಅವಸರದಿಂದ ಎಳೆಯುವಂತಿಲ್ಲ. ಎಳೆದರೆ ಮಾಂಸವೂ ಜೊತೆಗೆ ಬರುತ್ತದೆ. ತಿರುವುತ್ತ, ತುಸುತುಸುವೇ, ಮಂತ್ರದ ಓಟಕ್ಕೆ ಸರಿಯಾಗಿ ತೆಗೆಯಬೇಕು. ನನ್ನ ಮಂತ್ರವು ಓಟ ತಪ್ಪಿ ಮುಂದೋಡುತ್ತಿತ್ತು. ಅಣ್ಣನ ಕಣ್ಣುಗಳು ನಾಗಪ್ಪನ ಕಣ್ಣುಗಳಲ್ಲಿ ನೆಟ್ಟಿದ್ದವು.

ಪೊಲೀಸನೊಬ್ಬನು ಪಕ್ಕದಿಂದ ಬಂದು, "ನಿಂದರಸೋ ಮಗನ," ಎಂದು ಕೂಗಿ, ಕೋಲು ಹಿಡಿದ ಬಲಗೈಯ ಮೇಲೆ ಲಾಠಿಯಿಂದ ಹೊಡೆದನು. ಬೆರಳುಗಳು ಕರಡಿಯ ಅಂಚಿಗೂ ಲಾಠಿಗೂ ನಡುವೆ ಸಿಕ್ಕಿ ನುಚ್ಚಾದವು. ಕೋಲು ಕೆಳಗೆ ಬಿತ್ತು. ನಾಗಪ್ಪನು ಆ ಮುರಿದ ಕೈಯ ಮಣಿಕಟ್ಟಿನಿಂದಲೇ ತೊಗಲನ್ನು ಗುದ್ದಿದನು. ಎರಡನೆಯ ಏಟು ಬಿತ್ತು. ಆಗ ಬಲಗೈಯನ್ನು ಇಳಿಬಿಟ್ಟು ಎಡಗೈಯೊಂದರಿಂದಲೇ ಎಡಮುಖವನ್ನು ಹೊಡೆಯುತ್ತ ಹೋದನು. ಹಿಂದಿನಿಂದ ತಲೆಗೊಂದು ಏಟು ಬಿದ್ದು ನೆತ್ತರು ಹುಬ್ಬಿನಿಂದ ಇಳಿದು ಹಲ್ಲಿಲ್ಲದ ಬಾಯನ್ನು ಹೊಕ್ಕಿತು. ಅದನ್ನು ಉಗುಳಿ ಕೇಳಿದನು:

"ಬಂತೇನ್ರಿ, ಅಯ್ಯಾರ?"

"ಇಲ್ಲೋ, ತಡಿ."

"ಸಾವಕಾಶ ಆಗ್ಲಿರಿ. ನಾ ಅದೀನಿ."

ಆ ಗದ್ದಲದಲ್ಲಿ, ಆ ನೆತ್ತರಿನಲ್ಲಿ, ಅವನು ನನಗೆ ಸಾವಕಾಶ ಮಾಡೆಂದು ಹೇಳಿದನು. ನನ್ನ ಮಂತ್ರವು ಮತ್ತೆ ತನ್ನ ಓಟಕ್ಕೆ ಬಂತು. ಸೂಜಿಯು ಹೊರಬಂತು. ಎರಡೂ ಗಲ್ಲಗಳಿಗೆ ವಿಭೂತಿಯನ್ನು ಒತ್ತಿ ನಾನು, "ಬಂತು," ಎಂದೆನು. ನಾಗಪ್ಪನು ಒಂದು ಮುಕ್ತಾಯವನ್ನು ನುಡಿಸಿದನು. ನಂಬುವವರು ನಂಬಲಿ, ಆ ಹೊತ್ತಿನಲ್ಲಿಯೂ ಮುಕ್ತಾಯವಿಲ್ಲದೆ ಅವನು ನಿಲ್ಲಿಸಲಿಲ್ಲ. ಆಮೇಲೆ ಮೊಣಕಾಲೂರಿ ಕರಡಿಯ ಮೇಲೆಯೇ ಬೋರಲು ಬಿದ್ದನು. ಅಣ್ಣನ ಗಲ್ಲದಿಂದ ಬಂದದ್ದು ಒಂದು ಹನಿ. ವಾದ್ಯದ ಎರಡೂ ಮುಖಗಳಿಂದ ಮಾತ್ರ ನೆತ್ತರು ಸೋರಿ ಮಳಿಗೆಯ ಕಲ್ಲುಹಾಸಿನ ಮೇಲೆ ಹರಿಯುತ್ತಿತ್ತು.

ಹುಕುಮನ್ನು ಮೀರಿದನೆಂದು ಅವನ ಮೇಲೆ ಖಟ್ಲೆ ಹೂಡಿದರು. ಕೈಗೆ ಬಿದಿರಿನ ದಬ್ಬೆ ಕಟ್ಟಿಕೊಂಡು ಅವನು ಕೋರ್ಟಿನಲ್ಲಿ ನಿಂತದ್ದನ್ನು ನಾನು ಹಿಂದಿನ ಬೆಂಚಿನಿಂದ ನೋಡಿದ್ದೇನೆ. ನ್ಯಾಯಾಧೀಶರು ನಮ್ಮ ಭಾಗದವರೇ. ವಾದ್ಯ ನಿಲ್ಲಿಸೆಂಬ ಹುಕುಂ ಕೇಳಿಸಿತೋ ಇಲ್ಲವೋ ಎಂದರು. ಕೇಳಿಸಿತೆಂದನು. ಹಾಗಾದರೆ ಏಕೆ ನಿಲ್ಲಿಸಲಿಲ್ಲವೆಂದರು.

"ಶಸ್ತ್ರ ಮೈಯಾಗ ಇತ್ರಿ, ಸಾಹೇಬ್ರ."

"ಯಾರ ಮೈಯಾಗ?"

"ನಮ್ಮ ಸ್ವಾಮ್ಯಾರ ಮೈಯಾಗ."

"ಅವರ ಮೈಯಾಗ ಇದ್ರ ನಿನಗೇನಾತು?"

ನಾಗಪ್ಪನು ತಿರುಗಿ ನನ್ನ ಕಡೆಗೆ ನೋಡಿದನು. ಸಾಹೇಬರಿಗೆ ಇಷ್ಟನ್ನೂ ಯಾರೂ ಹೇಳಿಕೊಟ್ಟಿಲ್ಲವೇ ಎಂಬ ಮರುಕವು ಆ ನೋಟದಲ್ಲಿತ್ತು. ತಪ್ಪಾಯಿತೆಂದು ಒಂದು ಮಾತು ಹೇಳಿದರೆ ಬಿಟ್ಟುಬಿಡುತ್ತಾರೆಂದು ವಕೀಲರೊಬ್ಬರು ಅವನ ಕಿವಿಯಲ್ಲಿ ಹೇಳಿದರು. ನಾನೂ ಹೇಳಿದೆನು. ಮನೆಯಲ್ಲಿ ತಾಯಿಲ್ಲದ ಎಳೆಯ ಮಗಳಿದ್ದಾಳೆಂದು ನೆನಪು ಮಾಡಿಕೊಟ್ಟೆನು. ಅವನು, "ತಪ್ಪಾತು ಅಂದ್ರ, ಅವತ್ತ ಕರಡಿ ನಿಂದರಬೇಕಾಗಿತ್ತು ಅಂದಂಗಾತಲ್ರಿ, ಅಯ್ಯಾರ. ನಿಂತಿದ್ರ ಸ್ವಾಮ್ಯಾರು ಎಲ್ಲಿರ್ತಿದ್ರು?" ಎಂದು ಕೇಳಿದನು. ಅವನನ್ನು ಬೆಳಗಾವಿಯ ಜೈಲಿಗೆ ಕಳಿಸಿದರು. ಮಗಳು ಸಾಂವಕ್ಕನನ್ನು ನನ್ನ ತಾಯಿ ಕರೆತಂದು ಮನೆಯಲ್ಲಿಟ್ಟುಕೊಂಡಳು.

ಜೈಲಿನಿಂದ ಬಂದವನಿಗೆ ಬಲಗೈಯ ಬೆರಳುಗಳು ಒಣಗಿದ ಶುಂಠಿಯಂತೆ ಸೊಟ್ಟಾಗಿದ್ದವು. ಕೋಲು ಹಿಡಿಯಲು ಬಾರದು. ಆದರೆ ಅವನು ಬರಿಗೈಯಲ್ಲಿ ಬಂದಿರಲಿಲ್ಲ. ಸೆರೆಯಲ್ಲಿದ್ದ ಚಳವಳಿಗಾರರಿಂದ ಹಾಡು ಕಲಿತುಕೊಂಡು ಬಂದಿದ್ದನು. ಕೆಲವು ವರ್ಷ ಗೀಗೀ ಮೇಳ ಕಟ್ಟಿ, ಎಡಗೈಯಲ್ಲಿ ದಪ್ಪು ಬಾರಿಸುತ್ತ ಊರೂರು ತಿರುಗಿ, ಕೋಟೆ ಮುರಿದ ಕಥೆ, ರುಂಡ ಚೆಂಡಾಡಿದ ಕಥೆಗಳನ್ನು ಹಾಡಿದನು. ವೀರನೊಬ್ಬನು "ಸೀಳಿದನೋ" ಎಂಬಲ್ಲಿ ಹಲ್ಲಿನ ಸಂದಿಯಿಂದ ಸಿಳ್ಳೆ ಹೊರಟು ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. "ನಗ್ರೆವ್ವಾ, ನಗ್ರಿ. ಆಂವ ಸೀಳಿದ್ದೂ ಹಿಂಗ, ಸದ್ದು ಬಂದಿದ್ದೂ ಹಿಂಗ," ಎಂದು ಅವನು ಹಾಡನ್ನು ಮುಂದುವರಿಸುತ್ತಿದ್ದನು. ಶ್ರಾವಣ ಬಂತೆಂದರೆ ಮಾತ್ರ ಎಲ್ಲಿದ್ದರೂ ಧಾರವಾಡಕ್ಕೆ ಬರುತ್ತಿದ್ದನು. ಸಾಂವಕ್ಕನು ಕರಡಿಯ ಕೋಲನ್ನು ಅವನ ಬಲ ಮಣಿಕಟ್ಟಿಗೆ ಬಟ್ಟೆಯ ಪಟ್ಟಿಯಿಂದ ಬಿಗಿದು ಕಟ್ಟುತ್ತಿದ್ದಳು. ಆ ಕೈಯಿಂದ ಹೊರಡುವ ನಾದದಲ್ಲಿ ಮೊದಲಿನ ಹೊಳಪಿರಲಿಲ್ಲ. ಗುದ್ದು ಇತ್ತು. ಅದನ್ನು ಕೇಳಿ ಅಣ್ಣನು ಕಣ್ಣು ಮುಚ್ಚಿ ಶಸ್ತ್ರವನ್ನು ಹಾಕಿಕೊಳ್ಳುತ್ತಿದ್ದನು.

ಸೆರೆಯಿಂದ ಬಂದ ವರ್ಷದ ಊಟದ ಹೊತ್ತಿನಲ್ಲಿ ಅಣ್ಣನು ಅವನನ್ನು ಒಳಗೆ ಪಡಸಾಲೆಗೆ ಕರೆದನು. ನಾಗಪ್ಪನು ಒಪ್ಪಲಿಲ್ಲ. "ನನ್ನ ಜಾಗಾ ಇಲ್ಲೇ ಛಲೋ ಐತ್ರಿ, ಗಾಳಿ ಬರತೈತಿ," ಎಂದನು. ಅಣ್ಣನು ತನ್ನ ಎಲೆಯನ್ನು ಎತ್ತಿಕೊಂಡು ಹೊರಗಟ್ಟೆಗೆ ಹೋಗಿ ಅವನ ಪಕ್ಕದಲ್ಲಿ ಕುಳಿತನು. ಓಣಿಯವರು ನಿಂತು ನೋಡಿದರು. ಅಂದಿನಿಂದ ಅದೇ ಪದ್ಧತಿಯಾಯಿತು. ಊಟದ ಮೇಲೆ ಕೆಲವೊಮ್ಮೆ ಅಣ್ಣನು ತನಗೂ ಕರಡಿಯನ್ನು ಕಲಿಸೆಂದು ಕೇಳುವುದುಂಟು. ಒಂದೆರಡು ಸಲ ಯತ್ನವೂ ನಡೆಯಿತು. ನಾಗಪ್ಪನು ಕಿವಿ ಮುಚ್ಚಿಕೊಂಡು ಹೇಳಿದನು: "ಬ್ಯಾಡ್ರಿ ಸ್ವಾಮ್ಯಾರ. ದೇವರು ನಿಮಗ ತಾಳ ಕಾಲಿಗೆ ಕೊಟ್ಟಾನ, ಕೈಗೆ ಕೊಟ್ಟಿಲ್ಲ."

ನಲವತ್ತರ ದಶಕದ ನಡುವಿನ ಒಂದು ಕಾರಹುಣ್ಣಿಮೆ. ಮುಗದದಲ್ಲಿ ಎತ್ತುಗಳ ಕೊಂಬಿಗೆ ಬಣ್ಣ ಬಳಿದು, ತುದಿಗೆ ಹಿತ್ತಾಳೆಯ ಮೊನೆ ಹಾಕಿ, ಊರ ಅಗಸೆಬಾಗಿಲಲ್ಲಿ ಅಡ್ಡಲಾಗಿ ಕಟ್ಟಿದ ಕರಿಯೆಂಬ ಬೇವಿನ ಸೊಪ್ಪಿನ ಹಗ್ಗವನ್ನು ಹರಿಯಲು ಓಡಿಸುತ್ತಾರೆ. ವಾದ್ಯದವರು ಎತ್ತುಗಳ ಮುಂದೆ ಇರುತ್ತಾರೆ. ಆ ಸಂಜೆ ಯಾರೋ ಗರ್ನಾಲು ಹಾರಿಸಿದರು. ಬೆದರಿದ ಹೋರಿಯೊಂದು ವಾದ್ಯದವರ ಮೇಲೆಯೇ ನುಗ್ಗಿತು. ಅದರ ಒಂದು ಕೊಂಬು ಕರಡಿಯ ಬಲಮುಖದ ತೊಗಲನ್ನು ಹರಿಯಿತು; ಇನ್ನೊಂದು ನಾಗಪ್ಪನ ಹೊಟ್ಟೆಯನ್ನು ಹೊಕ್ಕಿತು. ಹೋರಿಯು ಅವನನ್ನು ಕೊಂಬಿನ ಮೇಲೆ ಹೊತ್ತುಕೊಂಡೇ ಅಗಸೆಯವರೆಗೆ ಓಡಿತೆಂದು ನೋಡಿದವರು ಹೇಳಿದರು.

ಮರುದಿನ ಮುಂಜಾನೆ ಸುದ್ದಿ ಬಂದೊಡನೆ ಅಣ್ಣನೂ ನಾನೂ ಚಕ್ಕಡಿಯಲ್ಲಿ ಹೊರಟೆವು. ಧಾರವಾಡದ ಡಾಕ್ಟರರು ನಮಗಿಂತ ಮೊದಲೇ ಬಂದು, ಹೊಲಿಗೆ ಹಾಕಿ, ಕದಲಿಸಬೇಡಿರೆಂದು ಹೇಳಿ ಹೋಗಿದ್ದರು. ಔಷಧ ತರಲು ಮೇಳದವರು ಅವರ ಹಿಂದೆಯೇ ಹೋಗಿದ್ದರು. ಮನೆಯಲ್ಲಿ ಸಾಂವಕ್ಕನೊಬ್ಬಳೇ. ಅವಳು ತಂದೆಯ ಹೊಟ್ಟೆಗೆ ಕಟ್ಟಿದ ಬಟ್ಟೆಯನ್ನು ಎರಡೂ ಕೈಗಳಿಂದ ಒತ್ತಿ ಹಿಡಿದು ಕುಳಿತಿದ್ದಳು. ಕೈ ಎತ್ತಿದರೆ ಕೆಂಪು ಉಕ್ಕುತ್ತಿತ್ತು. ಅಣ್ಣನು ಆ ಮನೆಯ ಹೊಸ್ತಿಲನ್ನು ಮೊದಲ ಸಲ ದಾಟಿ ಒಳಗೆ ಬಂದನು. ನಾಗಪ್ಪನು ಕಣ್ಣು ತೆರೆದು ನಮ್ಮನ್ನು ಗುರುತಿಸಿದನು.

"ಅಯ್ಯಾರ, ವಿಭೂತಿ ತಂದೀರೇನ್ರಿ?"

ತಂದಿದ್ದೇನೆಂದು ಚೀಲವನ್ನು ತೋರಿಸಿದೆನು.

"ಕೊಂಬು ಹೊರಗ ಬಂದೈತ್ರಿ. ಶಸ್ತ್ರ ಇನ್ನೂ ಒಳಗೈತಿ," ಎಂದನು. ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ ಕೇಳಿದನು: "ವಾದ್ಯ ಯಾಕ ನಿಂತೈತಿ?"

ನಾನೂ ಅಣ್ಣನೂ ಒಬ್ಬರನ್ನೊಬ್ಬರು ನೋಡಿದೆವು. ಹರಿದ ಕರಡಿಯು ಗೂಟದಲ್ಲಿ ತೂಗುತ್ತಿತ್ತು. ಅಣ್ಣನು ಎದ್ದು ಅದನ್ನು ಇಳಿಸಿಕೊಂಡು ಕೊರಳಿಗೆ ಹಾಕಿಕೊಂಡನು.

"ಒಂದು ಮುಖ ಹರದೈತಲ್ಲೋ, ನಾಗಪ್ಪಾ."

"ಇನ್ನೊಂದು ಐತಲ್ರಿ."

ಅಣ್ಣನು ನುಡಿಸತೊಡಗಿದನು. ತಾಳವು ಎರಡನೆಯ ಸುತ್ತಿನಲ್ಲಿಯೇ ಜಾರಿತು. ಮತ್ತೆ ಹಿಡಿದನು, ಮತ್ತೆ ಜಾರಿತು. ನಾಗಪ್ಪನ ಮುಖವು ಕಿವಿಚಿತು. ಅದು ಹೊಟ್ಟೆಯ ನೋವೋ ತಾಳದ ನೋವೋ ಹೇಳಲಾರೆ. "ತಪ್ಪಾಕತ್ತೈತ್ರಿ, ಸ್ವಾಮ್ಯಾರ," ಎಂದನು.

"ತಪ್ಪಲಿ ಬಿಡಪಾ," ಎಂದನು ಅಣ್ಣ. "ನಿಂದ್ರೂದಿಲ್ಲ."

ಆ ಮಾತು ಕೇಳಿ ನಾಗಪ್ಪನ ಬಾಯಲ್ಲಿ ಆ ಹಳೆಯ ಬಾಗಿಲು ಸ್ವಲ್ಪ ತೆರೆಯಿತು. ಆಮೇಲೆ ಕಣ್ಣುಗಳು ಮುಚ್ಚಿಕೊಂಡವು. ಅಣ್ಣನ ಅಂಗೈ ಕೆಂಪಾಯಿತು, ಬಾತುಕೊಂಡಿತು. ಬೆರಳಿನ ಸಂದಿ ಒಡೆದು ತೊಗಲಿನ ಮೇಲೆ ನೆತ್ತರಿನ ಗುರುತು ಮೂಡಿತು. ಅವನು ಕೈ ಬದಲಿಸುತ್ತ, ತಪ್ಪುತ್ತ, ಹಿಡಿಯುತ್ತ ನುಡಿಸುತ್ತಲೇ ಇದ್ದನು. ಬಿಸಿಲು ಬಾಗಿಲಿನಿಂದ ಗೋಡೆಗೆ ಏರಿತು. ಸಾಂವಕ್ಕನು ಒಮ್ಮೆ ನನ್ನ ಕಡೆಗೆ ನೋಡಿ, ಒತ್ತಿ ಹಿಡಿದಿದ್ದ ಕೈಗಳನ್ನು ಮೆಲ್ಲಗೆ ಎತ್ತಿದಳು. ಏನೂ ಉಕ್ಕಲಿಲ್ಲ; ಹೊಟ್ಟೆ ಏರಿಳಿಯಲೂ ಇಲ್ಲ.

ನಾನು ಮಂತ್ರವನ್ನು ಹೇಳಿ ಮುಗಿಸಿ ಅವನ ಹಣೆಗೆ, ತುಟಿಯ ಆ ಬಿಳಿಯ ಗೆರೆಗೆ, ಸೊಟ್ಟ ಬೆರಳುಗಳಿಗೆ ವಿಭೂತಿಯನ್ನು ಒತ್ತಿದೆನು. ಅಣ್ಣನು ನನ್ನ ಬಾಯನ್ನೇ ನೋಡುತ್ತಿದ್ದನು. ಇನ್ನು ಉಳಿದದ್ದು ನನ್ನ ಒಂದು ಮಾತು. ಎಷ್ಟೋ ಶ್ರಾವಣಗಳಲ್ಲಿ ಲೀಲಾಜಾಲವಾಗಿ ಆಡಿದ ಆ "ಬಂತು" ಎಂಬುದನ್ನು ಅಂದು ನಾನು ಬಹಳ ತಡಮಾಡಿ ಆಡಿದೆನು. ಅಷ್ಟು ಹೊತ್ತೂ ಕರಡಿಯು ನುಡಿಯುತ್ತಲೇ ಇತ್ತು.